ಬೇವಿನ ಮರದ ಜ್ವರ ನೋಡಿದ್ದು

ಅಫಜಲಪುರ ಬಸ್ ನಿಲ್ದಾಣ, ಮೇ ತಿಂಗಳ ಸುಡು ಮಧ್ಯಾಹ್ನ. ಪಟ್ಟಣದ ಮರಗಳು ಬಿಸಿಲನ್ನೂ ಬರವನ್ನೂ ಹೇಗೆ ತಾಳುತ್ತವೆ ಎಂಬುದೇ ನನ್ನ ಪಿಎಚ್.ಡಿ. ವಿಷಯ. ಪಿಸ್ತೂಲಿನಂಥ ಥರ್ಮಾಮೀಟರ್ ತೆಗೆದು ಬೇವಿನ ಎಲೆಗೆ ಹಿಡಿಯುವಷ್ಟರಲ್ಲಿ, ಜೇವರ್ಗಿ ಬಸ್ಸಿಗೆ ಕಾದಿದ್ದ ಅಜ್ಜಿಯೊಬ್ಬರು ಸೆರಗು ಸರಿಸಿ ಹಣೆ ಮುಂದೊಡ್ಡಿದರು. ಕೊರೋನಾ ಕಾಲದ ರೂಢಿ! ಅವರ ಹಿಂದೆ ಸಾಲೇ ನಿಂತಿತು.

"ಮರಕ್ಕ ಜ್ವರ ನೋಡಾಕತ್ತೇನ್ರಿ ಆಯಿ," ಎಂದೆ.

"ಹೌದೇನವ್ವಾ? ಹಂಗಾದ್ರ ಲಗೂ ನೋಡು. ಅದ್ರ ನೆಳ್ಳಾಗೇ ನಾವೆಲ್ಲಾ ಕುಂತೀವಿ."

ಸಾಲು ಕದಲಲಿಲ್ಲ. ಎಲ್ಲರ ಕಣ್ಣೂ ಎಲೆಯ ಮೇಲೆ. ಸುತ್ತಲಿನ ಗಾಳಿಗಿಂತ ಎಲೆ ತಂಪಾಗಿತ್ತು! ಅಂದರೆ ಬೇರಿಗೆ ಇನ್ನೂ ನೀರು ಸಿಗುತ್ತಿದೆ.

"ಜ್ವರ ಇಲ್ರಿ!" ಎಂದು ಕೂಗಿಯೇಬಿಟ್ಟೆ.

ಅಜ್ಜಿ ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಮರದ ಬುಡಕ್ಕೆ ಸುರಿದರು.

"ಆದ್ರೂ ಕುಡೀಲಿ," ಎನ್ನುತ್ತ ಬಸ್ ಹತ್ತಿದರು.