ಸನ್ಮಾನಕ್ಕೆ ಉತ್ತರವಾಗಿ ಒಂದು ಸಿನಿಮಾ

ನನ್ನ ಆಫೀಸಿನವರಿಗೆ ಒಂದು ಕಮ್ಯುನಿಟಿ ಬೇಕಾಗಿತ್ತು. ನನ್ನ ಹತ್ತಿರ ಅದು ಬೇಡವೆಂದರೂ ಬಿಡದಷ್ಟು ಇತ್ತು. ಎಲ್ಲ ಶುರುವಾದದ್ದು ಅಲ್ಲಿಂದ.

ಕತಾರಿನಲ್ಲಿ ದೋಹಾದ ಪಕ್ಕದ ಲುಸೈಲ್‌ನ ಒಂದು ಗಾಜಿನ ಕಟ್ಟಡದಲ್ಲಿ ನನ್ನ ಕೆಲಸ. ಹೊಸ ಸಿನಿಮಾ ನಿರ್ದೇಶಕರನ್ನು ಬೆಳೆಸುವ ಸಂಸ್ಥೆ ಅದು. ಬೆಳೆಸುವವರು ಬೇರೆ, ಬೆಳೆಯಲು ಬಂದವರಿಗೆ ವ್ಯಾನು, ಊಟ, ಪರವಾನಗಿ, ತಲೆನೋವಿನ ಮಾತ್ರೆ ಒದಗಿಸುವುದು ನನ್ನ ಪಾಲಿಗೆ ಬಂದದ್ದು. ಕಳೆದ ಚಳಿಗಾಲದಲ್ಲಿ ಅಮೆರಿಕದಿಂದ ಐದು ಮಂದಿ ಬಂದರು. ಉಳಿದ ಕಾಲೇಜುಗಳು ಕಪ್ಪು ಜನರಿಗೆ ಬಾಗಿಲು ತೆರೆಯದಿದ್ದ ಕಾಲದಲ್ಲಿ ಅವರಿಗಾಗಿಯೇ ಹುಟ್ಟಿಕೊಂಡ ಕಾಲೇಜುಗಳು ಅಲ್ಲಿ ಈಗಲೂ ಇವೆ. ಈ ಐವರೂ ಅಂಥಲ್ಲಿ ಓದಿ, ಒಂದೊಂದು ಕಿರುಚಿತ್ರ ತೆಗೆದು, ಮುಗಿಸಲು ಕೈಸಾಗದೆ ನಮ್ಮಲ್ಲಿಗೆ ಬಂದವರು. ಅವರಲ್ಲಿ ಒಬ್ಬರ ಚಿತ್ರವನ್ನು ಮಾತ್ರ ನಮ್ಮ ಸ್ಟುಡಿಯೋ ಪೂರ್ತಿ ಮಾಡಿಕೊಡುವುದಿತ್ತು. ಯಾರದ್ದೆಂದು ನಮ್ಮ ಮುಖ್ಯಸ್ಥೆ ತೀರ್ಮಾನಿಸಬೇಕು, ಅದೂ ಒಬ್ಬೊಬ್ಬರ ಚಿತ್ರವನ್ನು ದೋಹಾದ ಒಂದೊಂದು ಕಮ್ಯುನಿಟಿಯ ನಡುವೆ ಕೂತು ನೋಡಿದ ಮೇಲೆ. ಯುರೋಪಿನಿಂದ ಬಂದ ಈ ಹೆಂಗಸು ಒಳ್ಳೆಯವರೇ. ಆದರೆ ಕಮ್ಯುನಿಟಿ ಎನ್ನುವ ಶಬ್ದವನ್ನು ಉಪ್ಪಿನಂತೆ ಎಲ್ಲದಕ್ಕೂ ಹಾಕುತ್ತಿದ್ದರು.

ಕತಾರ್‌ಗೆ ಬಂದ ಗುರುತಿಗೆ ಪ್ರತಿಯೊಬ್ಬರ ಚಿತ್ರದಲ್ಲೂ ಇಲ್ಲಿನ ರಾಷ್ಟ್ರಪಕ್ಷಿಯಾದ ಗಿಡುಗ ಒಂದು ಬಂದರೆ ಹೇಗೆ ಎಂದೂ ಅವರು ಕೇಳಿದ್ದರು. ನಾಲ್ವರು ಯೋಚಿಸುತ್ತೇವೆ ಎಂದರು. ಐದನೆಯವಳು, ಇನ್ನೂ ಇಪ್ಪತ್ಮೂರು ದಾಟದ ಹುಡುಗಿ, "ನಮ್ಮಜ್ಜಿಯ ಅಡುಗೆಮನೆಯಲ್ಲಿ ಅಷ್ಟು ಜಾಗ ಇಲ್ಲ ಮ್ಯಾಮ್" ಎಂದಳು. ಅವತ್ತಿನಿಂದ ಅವಳು ನನಗೆ ಹಿಡಿಸಿಬಿಟ್ಟಳು. ಅಮೆರಿಕದ ದಕ್ಷಿಣದವಳು, ಹಿರಿಯರನ್ನು ಮ್ಯಾಮ್ ಎನ್ನದೆ ವಾಕ್ಯ ಮುಗಿಸುತ್ತಿರಲಿಲ್ಲ.

ಅವಳ ಚಿತ್ರದಲ್ಲಿ ಇದ್ದದ್ದು ಅಜ್ಜಿ ಒಬ್ಬರೇ. ಮೊಮ್ಮಗಳು ಓದಿದ ಅದೇ ಕಾಲೇಜಿನ ಕ್ಯಾಂಟೀನಿನಲ್ಲಿ ಜೀವಮಾನವೆಲ್ಲ ಅಡುಗೆ ಮಾಡಿದವರು, ಒಂದು ದಿನವೂ ಅಲ್ಲಿನ ತರಗತಿಯಲ್ಲಿ ಕೂತವರಲ್ಲ. ಚಿತ್ರೀಕರಣ ಮುಗಿದ ಮೇಲೆ ತೀರಿಕೊಂಡರು. ಕೊನೆಯ ದೃಶ್ಯದಲ್ಲಿ ಅವರು ಒಲೆಯಿಂದ ತಿರುಗಿ, ಕ್ಯಾಮೆರಾ ನೋಡಿ ಏನೋ ಹೇಳುತ್ತಾರೆ. ಪಕ್ಕದಲ್ಲಿದ್ದ ಹಳೇ ಫ್ರಿಜ್ಜಿನ ಗುಂಯ್‌ಗುಟ್ಟುವಿಕೆಯಲ್ಲಿ ಆ ಮಾತು ಮುಳುಗಿಹೋಗಿತ್ತು.

"ನಾನು ಫೋಕಸ್ ನೋಡ್ತಿದ್ದೆ ಮ್ಯಾಮ್, ಕಿವಿ ಕೊಡಲಿಲ್ಲ. ನಿಮ್ಮ ಸ್ಟುಡಿಯೋದಲ್ಲಿ ಗದ್ದಲ ಬೇರೆ ಮಾಡಿ ಮಾತನ್ನು ಎತ್ತಿ ಕೊಡ್ತಾರಂತೆ. ನನಗೆ ಬೇರೇನೂ ಬೇಡ, ಅಜ್ಜಿ ಏನಂದಳು ಅಂತ ಗೊತ್ತಾದರೆ ಸಾಕು."

ನಾನು ನೇರ ಮುಖ್ಯಸ್ಥೆಯ ಹತ್ತಿರ ಹೋದೆ. ಇವಳ ಚಿತ್ರಕ್ಕೆ ಕಮ್ಯುನಿಟಿ ನಾನು ತರುತ್ತೇನೆ ಎಂದುಬಿಟ್ಟೆ.

ನಮ್ಮ ಕರಾವಳಿಯವರ ಸಂಘದ ವಾರ್ಷಿಕೋತ್ಸವ ಹತ್ತಿರವಿತ್ತು. ಪೇಂಟ್ ವ್ಯಾಪಾರದ ನಮ್ಮ ಅಧ್ಯಕ್ಷರನ್ನು ಕಂಡು, ಹುಡುಗಿಯ ಚಿತ್ರ ತೋರಿಸಲು ಇಪ್ಪತ್ತು ನಿಮಿಷ ಕೇಳಿದೆ.

"ಇಪ್ಪತ್ತು ಎಂತಕ್ಕೆ ಅಕ್ಕ, ಅರ್ಧ ಗಂಟೆ ತಕೊಳ್ಳಿ," ಎಂದರು. "ಅಷ್ಟು ದೂರದಿಂದ ಬಂದ ಹುಡುಗಿ, ಒಂದು ಸನ್ಮಾನವೂ ಮಾಡಿಬಿಡುವ."

"ಸನ್ಮಾನ ಸಿನಿಮಾ ನೋಡಿದ ಮೇಲೆ ಮಾಡಿ."

"ಅದು ಆಗುದಿಲ್ಲ ಅಕ್ಕ. ನೋಡಿದ ಮೇಲೆ ಚಂದ ಇಲ್ಲ ಅಂತಾದ್ರೆ ಮತ್ತೆ ಶಾಲು ಹಾಕ್ಲಿಕ್ಕೆ ನಮಗೇ ಕಷ್ಟ. ಮೊದಲೇ ಹಾಕಿದ್ರೆ ಟೆನ್ಶನ್ ಇಲ್ಲ."

ನಮ್ಮ ಸಂಘದ ಅಷ್ಟೂ ವರ್ಷದ ತತ್ತ್ವಶಾಸ್ತ್ರವನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿರಲಾರರು.

ಆ ಶುಕ್ರವಾರ ಸಂಜೆ ಪ್ರಾರ್ಥನೆ, ಸ್ವಾಗತ, ಸ್ವಾಗತಿಸಿದವರಿಗೆ ಸ್ವಾಗತ, ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡ ಕನ್ನಡ ಹಾಡನ್ನು ಮಕ್ಕಳು ಹಾಡಿದ್ದು, ಎಲ್ಲ ಆಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ನಮ್ಮ ಮುಖ್ಯಸ್ಥೆಯ ಮೇಲೆ ನಿರೂಪಕನ ಕಣ್ಣು ಬಿತ್ತು. ಬಿಳಿ ಮುಖವೊಂದು ಕೆಳಗೆ ಕೂತಿರುವುದು ಅವನಿಗೆ ಸಹಿಸಲಾಗಲಿಲ್ಲ. ಅವರನ್ನೂ ವೇದಿಕೆಗೆ ಹತ್ತಿಸಿ, ಹುಡುಗಿಯ ಜೊತೆಗೇ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ ಹೊರಿಸಿದರು. ಯಾರೂ ನೋಡದ ಸಿನಿಮಾದ ನಿರ್ದೇಶಕಿಯನ್ನು "ಕಲಾಮಾತೆಯ ವರಪುತ್ರಿ" ಎಂದು ಸನ್ಮಾನ ಪತ್ರದಲ್ಲಿ ಓದಿದರು. ಆಮೇಲೆ ಗಣ್ಯರ ಭಾಷಣಗಳು ಶುರುವಾದವು. ಸಭಾಂಗಣದ ಹಿಂಬಾಗಿಲ ಆಚೆಯಿಂದ ಕೋಳಿ ಸುಕ್ಕದ ಪರಿಮಳ ಬರುತ್ತಿತ್ತು, ಮತ್ತು ಪ್ರೇಕ್ಷಕರ ಮುಖಗಳು ಒಂದೊಂದಾಗಿ ಆ ಕಡೆ ತಿರುಗುತ್ತಿದ್ದವು.

ನಿರೂಪಕ ನನ್ನ ಹತ್ತಿರ ಬಗ್ಗಿದ. "ಅಕ್ಕ, ಟೈಮ್ ಮಾಫಿ, ಟೈಮೇ ಇಲ್ಲ. ಇನ್ನೂ ನಾಲ್ಕು ಜನ ಮಾತಾಡ್ಲಿಕ್ಕೆ ಉಂಟು. ಸಿನಿಮಾ ಊಟದೊಟ್ಟಿಗೆ ಹಾಕುವನಾ? ಉಣ್ತಾ ಉಣ್ತಾ ನೋಡ್ತಾರೆ."

ಮುಖ್ಯಸ್ಥೆ ಊಟಕ್ಕೆ ನಿಲ್ಲುವವರಲ್ಲ; ಅವರ ಕಾರು ಹೊರಗೆ ಕಾಯುತ್ತಿತ್ತು. ನನಗೆ ಬಂದ ಸಿಟ್ಟಿಗೆ ಅವನ ಕೈಯ ಮೈಕು ಕಸಿದು ಅವನ ತಲೆಗೇ ಕುಕ್ಕಬೇಕೆನಿಸಿತು. ಕುಕ್ಕಲಿಲ್ಲ. ವೇದಿಕೆಯ ಹಿಂದಿನಿಂದ ಹತ್ತಿ ಹುಡುಗಿಯ ಕುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಚಿತ್ರ ತೋರಿಸುವುದಿಲ್ಲವಂತೆ ಎಂದೆ. ಅಳುತ್ತಾಳೆ ಎಂದುಕೊಂಡಿದ್ದೆ. ಹುಬ್ಬಿನವರೆಗೆ ಇಳಿದಿದ್ದ ಪೇಟವನ್ನು ಅವಳು ಮೇಲಕ್ಕೆ ಸರಿಸಿದಳು.

"ನಮ್ಮ ಚರ್ಚಿನಲ್ಲೂ ಹೀಗೇ ಮ್ಯಾಮ್. ಪಾದ್ರಿಗಳ ವಾರ್ಷಿಕೋತ್ಸವ ಅಂದರೆ ಮಧ್ಯಾಹ್ನದ ಊಟ ಸಂಜೆಗೆ. ಅದಿರಲಿ, ಇದೆಲ್ಲ ಹಾಕಿಸಿಕೊಂಡವರು ಮಾತಾಡಬೇಕಲ್ಲವೇ?"

"ಎರಡು ಮಾತು ಆಡಿ ಅಂತ ಕರೀತಾರೆ."

"ಮಧ್ಯದಲ್ಲಿ ನಿಲ್ಲಿಸ್ತಾರಾ?"

"ಸನ್ಮಾನ ಮಾಡಿ ಬಾಯಿ ಮುಚ್ಚಿಸುವುದುಂಟೇ? ಅದು ಮರ್ಯಾದೆ ಅಲ್ಲ. ಯಾರೂ ನಿಲ್ಲಿಸುವ ಹಾಗಿಲ್ಲ."

"ಯಾರೂ?"

"ಅಧ್ಯಕ್ಷರೂ."

ಅವಳು ತಲೆದೂಗಿದಳು. ಹೆಸರು ಕರೆದಾಗ ಎದ್ದು ಮೈಕಿನ ಮುಂದೆ ನಿಂತು ಕೈಮುಗಿದಳು. "ನನ್ನ ಎರಡು ಮಾತು ಹದಿನೆಂಟು ನಿಮಿಷ ಇವೆ. ದಯವಿಟ್ಟು ದೀಪ ಆರಿಸಿ" ಎಂದಳು.

ಪ್ರೊಜೆಕ್ಟರ್ ನೋಡಿಕೊಳ್ಳುವವನು ನನ್ನ ಮುಖ ನೋಡಿದ. ನಾನು ಯಲ್ಲಾ, ಹಾಕು ಎಂದೆ. ಪರದೆ ಇದ್ದದ್ದು ಗಣ್ಯರ ಬೆನ್ನ ಹಿಂದೆ. ಅವರು ಒಬ್ಬೊಬ್ಬರಾಗಿ ಎದ್ದು ಕುರ್ಚಿಗಳನ್ನು ಪರದೆಯ ಕಡೆಗೆ ತಿರುಗಿಸಿಕೊಂಡರು. ಸಂಘ ಹುಟ್ಟಿದಂದಿನಿಂದ ಮೊದಲ ಸಲ ಸಭೆಗೆ ಗಣ್ಯರ ಬೆನ್ನು ಕಂಡಿತು. ಮುಖ್ಯಸ್ಥೆ ಅವರ ನಟ್ಟನಡುವೆ, ಪೇಟ ಇಟ್ಟುಕೊಂಡು, ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಸಿಕ್ಕಿಬಿದ್ದಿದ್ದರು.

ಪರದೆಯ ಮೇಲೆ ಅಜ್ಜಿ ಸೊಪ್ಪು ಹೆಚ್ಚಿದರು, ಪಾತ್ರೆ ಕಲಕಿದರು, ಯಾರ ಮೇಲೋ ರೇಗಿದರು. ನನ್ನ ಹಿಂದಿದ್ದ ಹೆಂಗಸು, "ಪಾಪ, ಅಷ್ಟು ಮಕ್ಕಳಿಗೆ ಇವರೊಬ್ಬರೇ ಬೇಯಿಸುದಾ?" ಎಂದು ಪಕ್ಕದವಳನ್ನು ಕೇಳಿದಳು. ಸುಕ್ಕದ ಕಡೆ ತಿರುಗಿದ್ದ ಮುಖಗಳು ಪರದೆಯ ಕಡೆಗೆ ಮರಳಿದ್ದವು. ಕೊನೆಗೆ ಅಜ್ಜಿ ತಿರುಗಿದರು, ತುಟಿ ಅಲ್ಲಾಡಿತು, ಫ್ರಿಜ್ಜು ಗುಂಯ್‌ಗುಟ್ಟಿತು. ದೀಪ ಹತ್ತಿದಾಗ ನಿರೂಪಕ ಮೈಕು ಹಿಡಿದ.

"ಎರಡು ಮಾತುಗಳನ್ನಾಡಿದ ಸನ್ಮಾನಿತರಿಗೆ ಧನ್ಯವಾದಗಳು. ಸಮಯದ ಅಭಾವದಿಂದ ಉಳಿದ ಭಾಷಣಗಳನ್ನು ಕೈಬಿಡಲಾಗಿದೆ."

ಅಂಥ ಚಪ್ಪಾಳೆಯನ್ನು ನಾನು ದೋಹಾದಲ್ಲಿ ಕೇಳಿಲ್ಲ. ಕನ್ನಡ ಬಾರದ ಮುಖ್ಯಸ್ಥೆ ಅದೆಲ್ಲ ಚಿತ್ರಕ್ಕೆ ಎಂದುಕೊಂಡು ಕಣ್ಣೊರೆಸಿಕೊಂಡರು. ನಾನು ತಿದ್ದಲು ಹೋಗಲಿಲ್ಲ. ಅರ್ಧ ಚಪ್ಪಾಳೆಯಾದರೂ ಚಿತ್ರದ್ದೇ ಎಂದು ಈಗಲೂ ನಂಬಿದ್ದೇನೆ.

ಮರುವಾರ ಅವಳ ಚಿತ್ರವೇ ಆಯ್ಕೆಯಾಯಿತು. ಆ ಮೀಟಿಂಗಿನಲ್ಲಿ ಮುಖ್ಯಸ್ಥೆ, ಕೇಳಿಸದ ಆ ಕೊನೆಯ ಮಾತಿನಲ್ಲಿ ಒಂದು ಜನಾಂಗದ ಮೌನ, ಹೋರಾಟ, ಪೂರ್ವಿಕರ ವಿವೇಕ ಎಲ್ಲವೂ ಇದೆ ಎಂದು ಬಹಳ ಹೊತ್ತು ಮಾತಾಡಿದರು. ಹುಡುಗಿ ಯೆಸ್ ಮ್ಯಾಮ್ ಎನ್ನುತ್ತ ಕೂತಿದ್ದಳು. ಅವಳ ಕಾಲು ಮಾತ್ರ ಮೇಜಿನ ಕೆಳಗೆ ಒಂದೇ ಸಮನೆ ಅಲ್ಲಾಡುತ್ತಿತ್ತು.

ಶಬ್ದ ತೊಳೆಯಲು ಸ್ಟುಡಿಯೋದವರಿಗೆ ಒಂದು ಬೆಳಗ್ಗೆ ಸಾಕಾಯಿತು. ನನ್ನನ್ನೂ ಮುಖ್ಯಸ್ಥೆಯನ್ನೂ ಅವಳೇ ಕರೆದಳು. ಅಜ್ಜಿ ತಿರುಗಿದರು. ಫ್ರಿಜ್ಜಿನ ಗದ್ದಲ ಇರಲಿಲ್ಲ. ಧ್ವನಿ ಸ್ಪಷ್ಟವಾಗಿತ್ತು, ಸ್ವಲ್ಪ ಗದರಿಕೆಯೂ ಇತ್ತು:

"ಸಾಕು ಮಗೂ, ಅದನ್ನ ಆಫ್ ಮಾಡು. ಬಾ, ಊಟ ಆರಿಹೋಗ್ತಿದೆ."

ಹುಡುಗಿ ಮೊದಲು ನಕ್ಕಳು. ಆಮೇಲೆ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ನನಗೂ ತಡೆಯಲಾಗಲಿಲ್ಲ. ವಾರ್ಷಿಕೋತ್ಸವದ ಆ ಸಂಜೆ ಇಡೀ ಸಭಾಂಗಣದ ಮನಸ್ಸಿನಲ್ಲಿದ್ದ ಮಾತೂ ಅದೇ ಆಗಿತ್ತು, ಬಾಯಿಬಿಟ್ಟು ಹೇಳುವವರು ಇರಲಿಲ್ಲ, ಅಷ್ಟೇ.

ಮುಖ್ಯಸ್ಥೆ ಗಂಟಲು ಸರಿಮಾಡಿಕೊಂಡರು. "ಕೇಳಿಸದೆ ಇದ್ದಾಗಲೇ ಹೆಚ್ಚು ಅರ್ಥ ಇತ್ತೇನೋ. ಮೊದಲಿನ ಹಾಗೇ ಬಿಡೋಣವೇ?"

"ಬೇಡ ಮ್ಯಾಮ್. ಅಜ್ಜಿ ಹೇಳಿದ್ದು ಇದನ್ನೇ."

ಅವಳು ಮುಖ ಒರೆಸಿಕೊಂಡು ಯಂತ್ರವನ್ನು ಆಫ್ ಮಾಡಿಸಿದಳು. ಆಮೇಲೆ ನನ್ನ ಟಿಫಿನ್ ಡಬ್ಬಿಯ ಕಡೆ ನೋಡಿ ಏನಿದೆ ಎಂದು ಕೇಳಿದಳು. ನೀರುದೋಸೆ ಇತ್ತು, ಆರಿಹೋಗಿತ್ತು. ಇಬ್ಬರೂ ಅಲ್ಲೇ ಕೂತು ತಿಂದೆವು.