ತಲೆಕೆಳಗಾದ ಹಕ್ಕಿಗಳ ಕೋಣೆ

ಗೋಡೆಗೆ ಚಿತ್ರಕಾಗದ ಅಂಟಿಸುವುದರಲ್ಲಿ ಅಂಟಯ್ಯನನ್ನು ಮೀರಿಸುವವರು ಊರಲ್ಲೇ ಇರಲಿಲ್ಲ. ಹೆತ್ತವರು ಇಟ್ಟ ಹೆಸರು ಬೇರೆ. ಅದು ಅವನಿಗೇ ಆಗಾಗ ಮರೆತುಹೋಗುತ್ತಿತ್ತು. ಅವನು ಅಂಟಿಸಿದ ಗೋಡೆಯಲ್ಲಿ ಒಂದು ಪಟ್ಟಿ ಮುಗಿದು ಇನ್ನೊಂದು ಶುರುವಾಗುವ ಜಾಗವನ್ನು ಭೂತಗನ್ನಡಿ ಹಿಡಿದು ಹುಡುಕಿದರೂ ಸಿಗದು. ನಲವತ್ತು ವರ್ಷದ ಕಸುಬಿನಲ್ಲಿ ಅವನು ಮಾಡಿದ ತಪ್ಪು ಒಂದೇ ಒಂದು. ಅದೂ ಹೆಂಡತಿಯ ದೆಸೆಯಿಂದ.

ಆಗ ಅವಳಿನ್ನೂ ಹೆಂಡತಿಯಾಗಿರಲಿಲ್ಲ. ಹಳೆಯ ಬಂಗಲೆಯೊಂದರಲ್ಲಿ ಮನೆಗೆಲಸ ಮಾಡುತ್ತಿದ್ದಳು. ಅಂಟಯ್ಯ ಅಲ್ಲಿಯ ಊಟದ ಕೋಣೆಗೆ ಹಕ್ಕಿ, ಬಳ್ಳಿಗಳ ಚಿತ್ರವಿದ್ದ ಕಾಗದ ಅಂಟಿಸುತ್ತಿದ್ದಾಗ ಬಕೆಟ್ ಹಿಡಿದು ಮೂರು ಸಲ ಸುಮ್ಮಸುಮ್ಮನೆ ಹಾದುಹೋದಳು. ಮೂರನೆಯ ಸಲ ನಕ್ಕಳು. ಅವನ ಕೈಯಲ್ಲಿದ್ದ ಪಟ್ಟಿ ತಲೆಕೆಳಗಾಗಿ ಗೋಡೆಗೆ ಕೂತಿತು. ಅಂಟು ಒಣಗಿದ ಮೇಲೆ ನೋಡುತ್ತಾನೆ, ಕಿಟಕಿ ಪಕ್ಕದ ಹನ್ನೆರಡು ಹಕ್ಕಿಗಳು ಬಾವಲಿಗಳ ಹಾಗೆ ಜೋತುಬಿದ್ದಿವೆ! ಅಂಟಯ್ಯ ಉಗುರಿನಿಂದ ಅಂಚು ಕೆರೆದ; ಪಟ್ಟಿ ಬಿಡಲಿಲ್ಲ. ಯಜಮಾನಿ ಬರುವ ಮೊದಲೇ ಅವಳು ಪಕ್ಕದ ಕೋಣೆಯ ಬೀರುವನ್ನು ದರದರ ಎಳೆದು ತಂದು ಆ ಪಟ್ಟಿಗೆ ಅಡ್ಡಲಾಗಿ ನಿಲ್ಲಿಸಿದಳು. ಅಂಥವಳನ್ನು ಬಿಡುವುದುಂಟೇ? ಮದುವೆಯಾದ.

ವರ್ಷಗಳು ಕಳೆದು ಬಂಗಲೆ ಕೈ ಬದಲಾಯಿತು. ತೇವ ಹಿಡಿದು ಗೋಡೆಯ ಕಾಗದವೆಲ್ಲ ಉದುರಿತು. ಈಗ ಬಂಗಲೆಯನ್ನು ಮೂಲ ರೂಪಕ್ಕೆ ತರಲು ಒಂದು ಸಮಿತಿ ಹುಟ್ಟಿಕೊಂಡಿತು. ಸಮಿತಿಯವರು ಬೀರು ಸರಿಸಿದರು. ಬೀರು ಒತ್ತಿಕೊಂಡಿದ್ದರಿಂದ ಉದುರದೆ, ಬಿಸಿಲು ಕಾಣದೆ ಬಣ್ಣವೂ ಮಾಸದೆ ಉಳಿದಿದ್ದ ಆ ಒಂದೇ ಪಟ್ಟಿಯನ್ನು ಕಂಡು ಇತಿಹಾಸ ತಜ್ಞರ ಕಣ್ಣಲ್ಲಿ ನೀರು ಬಂತು. ಇದು ನೂರೈವತ್ತು ವರ್ಷ ಹಳೆಯದು ಎಂದರು. ಹಕ್ಕಿಗಳು ತಲೆಕೆಳಗಾಗಿರುವುದು ಮನೆತನದ ದುಃಖದ ಸಂಕೇತ ಎಂದು ಅರವತ್ತು ಪುಟದ ವರದಿ ಬರೆದರು. ಯಾರ ದುಃಖ, ಏಕೆ ದುಃಖ ಎನ್ನುವುದಕ್ಕೆ ಎರಡನೆಯ ಸಂಪುಟ ಬರಲಿದೆಯಂತೆ. ಅದೇ ಮಾದರಿಗೆ ಮರದ ಅಚ್ಚು ಕೆತ್ತಿಸಿ, ಹೊಸ ಕಾಗದ ಮುದ್ರಿಸಿ, ಯಾವ ಕಡೆ ಮೇಲೆ ಎಂದು ಅಂಚಿನಲ್ಲಿ ಬಾಣದ ಗುರುತನ್ನೂ ಹಾಕಿಸಿದರು. ಕೋಣೆಯ ತುಂಬ ಅಂಟಿಸಲು ಅಂಟಯ್ಯನನ್ನೇ ಕರೆಸಿದರು.

ಅಂಟಯ್ಯ ನೋಡುತ್ತಾನೆ, ಬಾಣ ಹಕ್ಕಿಗಳ ಕಾಲಿನ ಕಡೆಗಿದೆ! ಒಂದು ಪಟ್ಟಿಯ ಅವಮಾನವನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡವನು. ಈಗ ಇಡೀ ಕೋಣೆ! ಕಸುಬಿನವರು ನೋಡಿದರೆ ಏನೆಂದಾರು? ಒಂದು ಪಟ್ಟಿಯ ಮಾನ ಹೋದರೆ ಹೋಗಲಿ ಎಂದು ಮನಸ್ಸು ಗಟ್ಟಿಮಾಡಿ ಬಾಯಿಬಿಟ್ಟ.

“ಸಾರ್, ಆ ಪಟ್ಟಿ ನಾನೇ ಅಂಟಿಸಿದ್ದು. ಉಲ್ಟಾ ಆಗೋಯ್ತು.”

ತಜ್ಞರು ಕನಿಕರದಿಂದ ನಕ್ಕರು. “ಯಜಮಾನ್ರೇ, ನಿಮಗೇನು ನೂರೈವತ್ತು ವರ್ಷ ಆಯ್ತಾ?”

“ಅದರ ಹಿಂದೆ ಗೋಡೆ ಮೇಲೆ ಪೆನ್ಸಿಲಲ್ಲಿ ನನ್ನ ಹೆಸರು, ತಾರೀಕು ಇದೆ ಸಾರ್. ನಮ್ಮ ಕಸುಬಿನೋರು ಅಂಟಿಸೋಕೆ ಮುಂಚೆ ಬರೆದೇ ಬರೀತೀವಿ. ಒಂದು ಮೂಲೆ ನೆನೆಸಿ ಬಿಡಿಸಿ ತೋರಿಸ್ತೀನಿ.”

“ಮುಟ್ಟಬೇಡಿ!” ತಜ್ಞರು ಎರಡೂ ಕೈ ಚಾಚಿ ಪಟ್ಟಿಗೆ ಅಡ್ಡ ನಿಂತರು. “ಉಳಿದಿರೋದು ಇದೊಂದೇ ಸಾಕ್ಷಿ. ನಿಜ ತಿಳ್ಕೊಳ್ಳೋಕೆ ಅಂತ ಅದನ್ನ ಹಾಳು ಮಾಡೋಕಾಗುತ್ತಾ?”

ಈ ಕೆಲಸ ತನ್ನಿಂದಾಗಲ್ಲ ಎಂದರೆ ಬೇರೆ ಯಾರನ್ನೋ ಕರೆಸುತ್ತಾರೆ; ಅವನು ಉಲ್ಟಾ ಅಂಟಿಸುವುದಲ್ಲದೆ ಸೊಟ್ಟಗೂ ಅಂಟಿಸುತ್ತಾನೆ. ಅದನ್ನು ಮಾತ್ರ ಅಂಟಯ್ಯ ಸಹಿಸಲಾರ. ಒಪ್ಪಿಕೊಂಡ. ಅಂಟು ಕಲಸುವ ಮೊದಲು ಖಾಲಿ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಹೆಸರು, ತಾರೀಕು ಬರೆದ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದ: ‘ಕಿಟಕಿ ಪಕ್ಕದ ಒಂದು ಪಟ್ಟಿ ನನ್ನ ತಪ್ಪು. ಉಳಿದದ್ದು ಸಮಿತಿಯದು.’ ಆಮೇಲೆ ನಾಲ್ಕು ದಿನ ಹಲ್ಲು ಕಚ್ಚಿಕೊಂಡು ಹಕ್ಕಿಗಳನ್ನೆಲ್ಲ ತಲೆಕೆಳಗಾಗಿ ನೇತುಹಾಕಿದ. ಎಲ್ಲೂ ಒಂದು ಸಂದು ಕಾಣಲಿಲ್ಲ.

ಉದ್ಘಾಟನೆಯ ದಿನ ಗಣ್ಯರೆಲ್ಲ ಕತ್ತು ಓರೆ ಮಾಡಿಕೊಂಡು ಗೋಡೆ ನೋಡಿದರು. ಎಂಥ ದುಃಖ ಎಂದು ಒಬ್ಬರು ಕರವಸ್ತ್ರವನ್ನೇ ತೆಗೆದರು. ಇತಿಹಾಸಕ್ಕೆ ನಿಷ್ಠನಾದ ಕುಶಲಕರ್ಮಿ ಎಂದು ಅಂಟಯ್ಯನಿಗೆ ಫಲಕ ಕೊಟ್ಟರು. ಅವನು ನಾಚಿಕೆಯಿಂದ ತಲೆ ತಗ್ಗಿಸಿದ. ವಿನಯ ಎಂದುಕೊಂಡು ಜನ ಇನ್ನಷ್ಟು ಚಪ್ಪಾಳೆ ತಟ್ಟಿದರು.

ಹೆಂಡತಿ ನಾಲ್ಕೂ ಗೋಡೆಗಳ ಮೇಲೆ ಒಮ್ಮೆ ಕಣ್ಣಾಡಿಸಿದಳು. ಪಕ್ಕಕ್ಕೆ ಬಂದು ಅವನ ಕಿವಿಯಲ್ಲಿ ಕೇಳಿದಳು:

“ರೀ, ಈ ಸಲ ಎಷ್ಟು ಬೀರು ಎಳೀಬೇಕು?”