ಕಾಕಾ ಉಳಿಸಿಕೊಂಡ ಒಂದು ವಿಷಯ

ಕಾಕಾನ ಎಡಗಿವಿಯ ಮೇಲೆ ಒಂದು ಸಣ್ಣ ತಗ್ಗು ಇತ್ತು. ಗಾಯದ್ದಲ್ಲ, ಮೋಟು ಪೆನ್ಸಿಲ್ ಸಿಕ್ಕಿಸಿಕೊಂಡೂ ಸಿಕ್ಕಿಸಿಕೊಂಡೂ ಬಿದ್ದದ್ದು. ಲಕ್ಷ್ಮೇಶ್ವರದ ಕಾಳಿನ ಪೇಟೆಯಲ್ಲಿ, ರೈತರ ಮಾಲು ಮಾರಿಕೊಡುವ ಒಂದು ಅಡತಿ ಅಂಗಡಿಯಲ್ಲಿ ತೂಕ ಬರೆದುಕೊಳ್ಳುವುದು ಅವನ ಕೆಲಸ. ಹುಬ್ಬು, ಮೀಸೆ, ಕಿವಿಯ ಕೂದಲು, ಎಲ್ಲಕ್ಕೂ ಕಡಲೆಯ ಧೂಳು. ಊಟಕ್ಕೆ ಬಂದರೆ ಅವನ ಹೆಂಡತಿ, ನಮ್ಮ ಚಿಗವ್ವ, ಹೊಸ್ತಿಲಲ್ಲೇ ತಡೆದು, ಟವೆಲಿನಿಂದ ಚೆನ್ನಾಗಿ ಜಾಡಿಸಿಯೇ ಒಳಗೆ ಬಿಡುತ್ತಿದ್ದಳು. ಅವನು ಅಪ್ಪನ ತಮ್ಮ. ನಾವೆಲ್ಲ ಒಂದೇ ಮನೆಯಲ್ಲಿದ್ದೆವು.

ಊರಿಗೆ ಅವನು ಗೊತ್ತಿದ್ದದ್ದು ಮಾತ್ರ ಬೇರೆ ಕಾರಣಕ್ಕೆ. ಬಿ.ಎಸ್ಸಿ. ಓದಿ ಒಂದೇ ಒಂದು ವಿಷಯ ಉಳಿಸಿಕೊಂಡಿದ್ದ, ಎರಡನೆಯ ಸೆಮಿಸ್ಟರಿನ ಕ್ಯಾಲ್ಕ್ಯುಲಸ್. ಉಳಿದದ್ದೆಲ್ಲ ಪಾಸು. ಎಷ್ಟು ಸಲ ಕಟ್ಟಿದರೂ ಅದೊಂದು ಕೈಗೆ ಹತ್ತಲಿಲ್ಲ. ಅವನ ಲಗ್ನಪತ್ರಿಕೆಯಲ್ಲಿ ಅಜ್ಜ, ಮಂದಿ ಏನಂದಾರೋ ಎಂದು, ಹೆಸರಿನ ಮುಂದೆ "ಬಿ.ಎಸ್ಸಿ." ಅಂತ ಹಾಕಿಸಿಬಿಟ್ಟಿದ್ದನಂತೆ. ಕಾಕಾ ಪತ್ರಿಕೆಯ ಕಟ್ಟು ಬಿಚ್ಚಿ, ಮೂಲೆಯಲ್ಲಿ ಕೂತು, ಒಂದೂ ಬಿಡದೆ ಆ ಅಕ್ಷರಗಳನ್ನು ಮಸಿಯಿಂದ ಹೊಡೆದುಹಾಕಿದ.

"ಮನಿ ಮರ್ಯಾದಿ ಕಳದೆಲ್ಲೋ!" ಎಂದು ಅಜ್ಜ ಕೂಗಾಡಿದರೆ, "ಇನ್ನ ಪಾಸಾಗಿಲ್ಲಪ್ಪಾ. ಆದ ಮ್ಯಾಲೆ ಬೇಕಾದ್ರ ಇನ್ನೊಂದು ಲಗ್ನಾ ಮಾಡಿ ಹಾಕ್ಸು" ಅಂದನಂತೆ.

ಚಿಗವ್ವ ಈಗಲೂ ಇದನ್ನು ಹೇಳಿ ನಗುತ್ತಾಳೆ. "ಮಸಿ ಬಡದ ಪತ್ರಿಕಿ ನೋಡಿ ನಮ್ಮಪ್ಪ ಹೌಹಾರಿದಾ. ನಾ ಅಂದೆ, ಇಷ್ಟು ಖರೆ ಹೇಳೋ ಗಂಡ ಸಿಕ್ರ ಸಾಕು, ಡಿಗ್ರಿ ತಗೊಂಡು ಉಪ್ಪಿನಕಾಯಿ ಹಾಕ್ಲೇನು?"

ಮುಂದೆ ನಾನೂ ಗದಗಿನ ಕಾಲೇಜಿಗೆ ಸೇರಿ, ನೆಟ್ಟಗೆ ಹೋಗಿ ಅದೇ ವಿಷಯದಲ್ಲಿ ಬಿದ್ದೆ. ಇದು ಇವರ ಮನೆತನದ ರೋಗ ಎಂದು ಓಣಿ ನಕ್ಕಿತು. ಅಪ್ಪನಿಗೆ ಅಷ್ಟೇ ಸಾಕಾಗಿತ್ತು. ರಾತ್ರಿ ಊಟದ ಹೊತ್ತಿಗೆ, "ಕಲಿತಿದ್ದು ಸಾಕು. ಮುಂಡರಗಿಯಿಂದ ಒಂದು ವರಾ ಬಂದೈತಿ, ನೋಡೂಣು" ಎಂದ. ಖರೆ ಹೇಳಬೇಕೆಂದರೆ ಮತ್ತೆ ಬರೆಯುವ ಧೈರ್ಯವೇ ನನಗಿರಲಿಲ್ಲ. ಕಿರಿಯರ ನಡುವೆ ಫೇಲಾದವಳು ಎನ್ನಿಸಿಕೊಂಡು ಕೂರುವುದು ನನ್ನಿಂದಾಗದು ಅನ್ನಿಸಿತ್ತು.

ಕಾಕಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಅಣ್ಣಾ, ಹೋಗಿದ್ದು ಸಬ್ಜೆಕ್ಟು, ಹುಡುಗಿ ಅಲ್ಲ."

"ನೀ ಮೊದಲ ನಿಂದು ಪಾಸ್ ಮಾಡ್ಕೋ. ಆಮ್ಯಾಲೆ ಇಕಿದು ಹೇಳುವಂತಿ."

ಚಿಗವ್ವನ ಮುಖ ಸಣ್ಣಗಾಯಿತು. ಕಾಕಾ ಎದ್ದು ಕೈ ತೊಳೆದು ಬಂದು, ಟವೆಲಿಗೆ ಕೈ ಒರೆಸುತ್ತ ಹೇಳಿದ: "ಆತು. ಇಕಿ ಜೋಡಿ ನಾನೂ ಬರೀತೇನಿ. ಅಲ್ಲೀತನಕ ಯಾವ ವರಾನೂ ಈ ಹೊಸ್ತಿಲಾ ತುಳೀಬಾರದು. ಇಕಿ ಪಾಸಾದ್ರ ಕಾಲೇಜು ಬಿಡಸೂ ಮಾತು ಮತ್ತ ಎತ್ತಬಾರದು." "ಆಗ್ಲಿ, ಬರದು ನೋಡ್ರಿ" ಎಂದು ಅಪ್ಪ ನಕ್ಕ.

ವಿಷಯ ಉಳಿಸಿಕೊಂಡ ಹಳಬರಿಗೆ ವಿಶ್ವವಿದ್ಯಾಲಯ ಆ ವರ್ಷ ಕೊನೆಯದೊಂದು ಅವಕಾಶ ಕೊಟ್ಟಿತ್ತು. ಅದರ ಖಬರು ಕಾಕಾನಿಗೆ ಮೊದಲೇ ಇತ್ತು, ಬೇಡವೆಂದು ಸುಮ್ಮನಿದ್ದ. ಅಣ್ಣ ಕೆಣಕಿದ್ದೇ ತಡ, ಮರುದಿನವೇ ಫೀ ಕಟ್ಟಿ ಬಂದ. ತಲೆ ನರೆತವನು ಪರೀಕ್ಷೆ ಕಟ್ಟಿದನೆಂದು ಪೇಟೆಯಲ್ಲಿ ಹಮಾಲರಿಂದ ಹಿಡಿದು ಸಾಹುಕಾರರವರೆಗೆ ನಕ್ಕರು. ನಗಲಿ ಬಿಡಿ, ನಗುವುದಕ್ಕೇನು ಸುಂಕವೇ?

ಮಧ್ಯಾಹ್ನ ಕಾಳಿನ ಹರಾಜು ಮುಗಿದ ಮೇಲೆ ಅಂಗಡಿಯ ಕಟ್ಟೆಯಲ್ಲಿ, ಚೀಲಗಳ ನಡುವೆ, ನಮ್ಮ ಅಭ್ಯಾಸ. ಒಮ್ಮೆ ಅವನು ಒಂದು ಲೆಕ್ಕ ಕೊಟ್ಟ: ಒಂದನ್ನು ಎಕ್ಸ್ ವರ್ಗದಿಂದ ಭಾಗಿಸಿದ್ದನ್ನು ಮೈನಸ್ ಒಂದರಿಂದ ಪ್ಲಸ್ ಒಂದರವರೆಗೆ ಇಂಟಿಗ್ರೇಟ್ ಮಾಡು. ನಾನು ಬಾಯಿಪಾಠದ ಸೂತ್ರ ಹಾಕಿ, ಮೈನಸ್ ಎರಡು ಎಂದು ಬರೆದು, ಹೆಮ್ಮೆಯಿಂದ ತೋರಿಸಿದೆ.

"ಉತ್ತರಾ ಬಂತಂತ ಕುಣೀಬ್ಯಾಡ. ಮೊದಲ ಅದರ ಮಾರಿ ನೋಡು" ಎಂದು ಕಾಕಾ ನೆಲದ ಧೂಳಿನಲ್ಲಿ ಬೆರಳಿನಿಂದ ಗೆರೆ ಎಳೆದ. "ಗೆರಿ ಪೂರಾ ಮ್ಯಾಲೆ ಐತಿ. ಅದರ ಕೆಳಗಿನ ಜಾಗಾ ಸೊನ್ನಿಗಿಂತ ಕಮ್ಮಿ ಹೆಂಗ ಆಕ್ಕೈತಿ? ನಡುವ, ಸೊನ್ನಿ ಹಂತೇಕ, ಮುಗಿಲಿಗೆ ಏರೇತಿ ನೋಡು. ಈ ಲೆಕ್ಕಕ್ಕ ಉತ್ತರನ ಇಲ್ಲ."

ಲೆಕ್ಕವನ್ನು ಅನುಮಾನಿಸಬಹುದೆಂದು ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಅಂದಿನಿಂದ ನನ್ನ ಹೆದರಿಕೆ ಅರ್ಧ ಇಳಿಯಿತು.

ಹಾಗಾದರೆ ಇಂಥವನು ಬಿದ್ದದ್ದೇಕೆ? ಅದನ್ನೂ ಅವನೇ ಹೇಳಿದ. "ಬರದಿದ್ದನ್ನ ಬಿಟ್ಟು ಮುಂದ ಹೋಗಾಕ ನನಗ ಆಗೂದಿಲ್ಲ. ಒಂದ ಲೆಕ್ಕದ ಜೋಡಿ ಕುಸ್ತಿ ಹಿಡಕೊಂಡ ಕುಂಡ್ರತೇನಿ, ಗಂಟಿ ಹೊಡದಬಿಡತೈತಿ. ನೀ ಹಂಗ ಮಾಡಬ್ಯಾಡ. ಬಿಟ್ಟು ಹೋಗು, ತಿರುಗಿ ಬಾ."

ಪರೀಕ್ಷೆಯ ದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಗದಗಿಗೆ ಹೋದೆವು. ಉಳಿಸಿಕೊಂಡವರಿಗೆಲ್ಲ ಒಂದೇ ಕೋಣೆ. ಕಾಕಾನ ಪ್ರಶ್ನೆಪತ್ರಿಕೆ ಹಳೆಯ ಪಠ್ಯಕ್ರಮದ್ದು, ಬೆಂಚು ಮಾತ್ರ ನನ್ನ ಪಕ್ಕದ್ದು. ಮೇಲ್ವಿಚಾರಕಿ ಅವನನ್ನು ನೋಡಿದವಳೇ, "ಪಾಲಕರು ಹೊರಗ ನಿಂದರ್ರಿ" ಎಂದಳು.

ಕಾಕಾ ಎದ್ದು ನಿಂತು, ಇಡೀ ಕೋಣೆಗೆ ಕೇಳುವಂತೆ, "ನಾ ಪಾಲಕ ಅಲ್ರೀ ಬಾಯಾರ, ಫೇಲಾದಾಂವ!" ಎಂದ.

ಕೋಣೆಗೆ ಕೋಣೆಯೇ ನಕ್ಕಿತು. ಎಲ್ಲರ ಕಣ್ಣೂ ಅವನ ಮೇಲೆ. ನನ್ನ ಕಡೆ ಯಾರೂ ನೋಡಲಿಲ್ಲ. ಅವನು ಬಂದದ್ದೇ ಇದಕ್ಕೆ ಎಂದು ನನಗೆ ಆಗ ತಿಳಿಯಿತು. ಪೆನ್ನು ತೆಗೆದು ಬರೆಯತೊಡಗಿದೆ. ಬರದಿದ್ದನ್ನು ಬಿಟ್ಟೆ, ತಿರುಗಿ ಬಂದೆ. ನಡುವೆ ಒಮ್ಮೆ ಓರೆಗಣ್ಣಿನಿಂದ ನೋಡಿದರೆ ಕಾಕಾ ಮೊದಲನೆಯ ಲೆಕ್ಕದ ಮೇಲೆಯೇ ಬಗ್ಗಿದ್ದ. ಕೊನೆಯ ಗಂಟೆ ಹೊಡೆದಾಗಲೂ ಅಲ್ಲೇ ಇದ್ದ.

ನಾನು ಪಾಸಾದೆ, ಅವನು ಬಿದ್ದ. ಫಲಿತಾಂಶ ಕೇಳಿ, ತಮ್ಮನಿಗೆ ಅಂದ ಮಾತು ನೆನೆದು ಅಪ್ಪ ತಲೆ ತಗ್ಗಿಸಿದ. ಕಾಕಾ ಅವನ ಮುಂದೆಯೇ ಕೂತು, "ಅಣ್ಣಾ, ಮನಿಗೆ ಒಂದು ಸಬ್ಜೆಕ್ಟು ಬಂತು. ಯಾರ ಹೆಸರಲೆ ಬಂದ್ರೇನು? ಮಾತು ಮಾತ" ಎಂದ. ಅಪ್ಪ ಆಮೇಲೆ ವರನ ಸುದ್ದಿ ಎತ್ತಲಿಲ್ಲ. ನಾನು ಎಂ.ಎಸ್ಸಿ. ಮುಗಿಸಿದೆ. ಈಗ ಶಿರಹಟ್ಟಿಯಲ್ಲಿ ಮಕ್ಕಳಿಗೆ ಗಣಿತ ಕಲಿಸುತ್ತೇನೆ.

ಹೋದ ವರ್ಷ ಕಾಕಾ ಎದೆನೋವಿನಿಂದ ಅಂಗಡಿಯಲ್ಲೇ ಕುಸಿದು ತೀರಿಕೊಂಡ. ಮಣ್ಣು ಮಾಡಿ ಬಂದು ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದಾಗ ದೂರದ ಸಂಬಂಧಿಯೊಬ್ಬ ನಿಟ್ಟುಸಿರು ಬಿಟ್ಟ. "ಪಾಪ, ಕಡೀತನಕ ಪಾಸಾಗಲೇ ಇಲ್ಲ ನೋಡ್ರಿ."

ಹಿರಿಯರ ಮುಂದೆ ದನಿ ಎತ್ತಬಾರದೆಂದು ಚಿಗವ್ವ ನನ್ನ ಕೈ ಹಿಡಿದಳು. ನಾನು ಬಿಡಿಸಿಕೊಂಡು ಎದ್ದು ನಿಂತೆ.

"ಪಾಪ ಅನಬ್ಯಾಡ್ರಿ" ಎಂದೆ. "ಅವಾ ಫೇಲಾಗಿದ್ದು ನನ್ನ ಬಾಜೂಕ ಕುಂತು."